ಕೂಗಿನ ಕೂಲಿ

ಒಂದು ಸಾವಿಗೆ ಆರುನೂರು.
ಬರೀ ಕೂಗಿಗೆ ಮುನ್ನೂರೈವತ್ತು.
ಗುಂಪಿನ ಗೋಳು ಗುತ್ತಿಗೆ ಲೆಕ್ಕ:
ಐದು ಹೆಂಗಸರು ಒಂದೇ ಮೈಕಿನ ಸುತ್ತ ನಿಂತು
ಊರೊಂದು ಉರಿದಂತೆ ಅತ್ತರೆ
ಚಹಾ, ವಡಾಪಾವ್, ಮೇಲೆ ತಲೆಗೆ ಇನ್ನೂರು.

ಡೊಂಬಿವಲಿಯ ಏಳು ನಲವತ್ತೆರಡರ ಲೋಕಲ್ಲು,
ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಅಂಧೇರಿ.
ವಾಪಸಿನ ಗಾಡಿಯಲ್ಲಿ ಮೆಂತ್ಯ ಸೋಸುತ್ತಿದ್ದವಳು
ಒಮ್ಮೆ ಕೇಳಿದಳು, ಏನು ಕೆಲಸ?
ಸಾಯುವುದು, ಎಂದೆ.
ನಕ್ಕು, ಸರಿದು ಕೂತಳು.

ನೆಲಮಾಳಿಗೆಯ ಸ್ಟುಡಿಯೋ. ಗೋಡೆಗೆಲ್ಲ ಕಪ್ಪು ಸ್ಪಂಜು,
ಒಳಗಿನ ಕೂಗು ಹೊರಗಿನ ಪಾನ್ ಅಂಗಡಿಗೆ ಕೇಳಬಾರದು.
ಗಾಜಿನಾಚೆ ಪೆಡ್ನೇಕರ್:
"ಅಕ್ಕಾ, ಚಾಕು ಒಳಗೆ ಹೋದ ಮೇಲೆ
ಉಸಿರು ಸ್ವಲ್ಪ ಉದ್ದ ಬಂತು. ಇನ್ನೊಂದು ಟೇಕ್."

ಪರದೆಯ ಹಿಂದಿಯವಳು ಬಚಾವೋ ಎನ್ನುತ್ತಾಳೆ.
ನಾನು ಕಾಪಾಡಿ ಎಂದರೆ ಅವಳ ಬಾಯಿಗೆ ಕೂರುವುದಿಲ್ಲ,
ಮೊದಲಿಗೇ ತುಟಿ ಕೂಡಿಬಿಡುತ್ತದೆ.
ಬ ಬೇಕು, ಪ ಬೇಕು, ಮ ಆದರೂ ನಡೆದೀತು.
ಬಚಾವ್ ಮಾಡಿ ಎನ್ನೋಣವೆಂದರೆ
ಅಷ್ಟರಲ್ಲಿ ಕತ್ತು ಹೊರಳಿರುತ್ತದೆ.
ಹಾಗಾಗಿ, ಬೇಡವೋ.
ಹದಿನಾಲ್ಕು ವರ್ಷದಿಂದ ನನ್ನ ಗಂಟಲಲ್ಲಿ
ಕನ್ನಡದಲ್ಲಿ ಸತ್ತ ಹೆಂಗಸರು
ಒಬ್ಬರೂ ಯಾರನ್ನೂ ಕರೆಯಲಿಲ್ಲ.
ಬೇಡ ಎಂದರು, ಬೇಡಿದರು, ಸತ್ತರು.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ
ನಾನು ಬಾವಿಗೆ ಬೀಳುವಾಗ
ಮಗಳು ಗಣಿತದ ಪುಸ್ತಕದಿಂದ ತಲೆ ಎತ್ತದೆ,
"ಅಮ್ಮ, ಇದೂ ನೀನೇ."
ಸಾರಿಗೆ ಉಪ್ಪು ಸಾಲದು ಎಂದ ಹಾಗೆ.

ಪಕ್ಕದ ಖೋಲಿ ಸುಲಭಾತಾಯಿಯದು.
ನಡುವೆ ಒಂದೇ ಇಟ್ಟಿಗೆಯ ಗೋಡೆ,
ಅವಳ ಕುಕ್ಕರಿನ ಸೀಟಿ ಎಣಿಸಿ
ನನ್ನ ಗ್ಯಾಸು ಆರಿಸಿದ್ದುಂಟು.
ರಾತ್ರಿ ಹನ್ನೊಂದರ ಮೇಲೆ ಬೇರೆ ಸದ್ದು,
ನನ್ನ ಕಸುಬಿನಲ್ಲಿ ನಡೆಯದ ಸದ್ದು:
ಒದ್ದೆ ಬಟ್ಟೆ ಕಲ್ಲಿಗೆ ಬಿದ್ದಷ್ಟು.
ಸ್ಟೀಲ್ ಲೋಟವೊಂದು ಉರುಳಿ
ಯಾರೋ ಹಿಡಿದು ನಿಲ್ಲಿಸಿದಷ್ಟು.
ಆಮೇಲೆ ಅವಳು:
"ಹಳೂ... ಮುಲಂ ಝೋಪ್ಲೀತ್."
ಮೆಲ್ಲಗೆ, ಮಕ್ಕಳು ಮಲಗಿವೆ.
ಹೊಡೆಯುವವನಿಗೆ ಹೇಳುತ್ತಿದ್ದಾಳೆ, ಮೆಲ್ಲಗೆ.
ಮರಾಠಿಯ ಹಳೂ ಗೋಡೆ ದಾಟಿ ಬರುವಷ್ಟರಲ್ಲಿ
ನನ್ನ ಕಿವಿಯಲ್ಲಿ ಹಾಳು.
ಪೆಡ್ನೇಕರ್ ಆಗಿದ್ದರೆ ಗಾಜು ತಟ್ಟುತ್ತಿದ್ದ,
ಫೀಲ್ ಇಲ್ಲ, ಇನ್ನೊಂದು ಟೇಕ್.

ಇನ್ನೊಂದು ಇತ್ತು. ಮರುದಿನ.
ಅದರ ಮರುವಾರ.
ನಾನು ದಿಂಬು ತಿರುಗಿಸಿ ಮಲಗಿದೆ, ಬೆಳಿಗ್ಗೆ ಸಾಯಲು ಗಂಟಲು ಬೇಕಲ್ಲ.

ಆ ಗುರುವಾರ ಏಕೋ ಗ್ಯಾಲರಿಗೆ ಬಂದೆ.
ನೈಟಿಯ ಮೇಲೆ ಟವೆಲು, ಬರಿಗಾಲು.
ಸ್ಪಂಜಿಲ್ಲದ ಗೋಡೆ, ಮೈಕಿಲ್ಲದ ಗಾಳಿ.
ಹೊಟ್ಟೆಯ ತಳದಿಂದ ತೆಗೆದು ಕೂಗಿದೆ,
ಬಚಾವೋ, ವಾಚವಾ, ಕಾಪಾಡಿ,
ಯಾರ ತುಟಿಯನ್ನೂ ನೋಡದೆ.

ಎದುರು ಬಿಲ್ಡಿಂಗಿನ ಕಿಟಕಿ ತೆರೆಯಿತು.
"ಟಿವಿ ಸಣ್ಣ ಮಾಡಿ!"
ಮೇಲಿನ ಮಹಡಿಯಿಂದ ಇನ್ನೊಬ್ಬರು,
"ನಾಳೆ ಪರೀಕ್ಷೆ ಇದೆ ಮಕ್ಕಳಿಗೆ."
ತಪ್ಪು ನನ್ನದೇ.
ಅಷ್ಟು ಚೆನ್ನಾಗಿ ಬಂದಿತ್ತು.

ಮತ್ತೆ ಕೂಗಿದೆ. ದನಿ ಒಡೆಯಿತು,
ಕೆಮ್ಮು ಹತ್ತಿತು, ಮಾತು ಮಾತಾಗಲಿಲ್ಲ,
ಕಂಬಿ ಹಿಡಿದು ಬಗ್ಗಿ, ಕತ್ತೆಯ ಹಾಗೆ ಏನೋ ಅರಚಿದೆ.
ಆಗ ಒಂದು ದೀಪ ಹತ್ತಿತು.
ಚಪ್ಪಲಿ ಹುಡುಕುವ ಸದ್ದು.
ಇನ್ನೊಂದು ದೀಪ.
ಮೆಟ್ಟಿಲ ಮೇಲೆ ಹಲವು ಕಾಲು.

ಬೆಳಿಗ್ಗೆ ನಳದ ಹತ್ತಿರ ಸುಲಭಾತಾಯಿ,
ಸೆರಗು ಕಿವಿಯವರೆಗೆ.
ಬಾಯಿ ತೆರೆದೆ, ಬರೀ ಗಾಳಿ.
"ಘಸಾ ಬಸ್ಲಾಯ್," ಎಂದಳು.
ಅವಳ ಭಾಷೆಯಲ್ಲಿ ಗಂಟಲು ಕೂತುಬಿಡುತ್ತದೆ,
ನನ್ನದರಲ್ಲಿ ಕಟ್ಟುತ್ತದೆ.
ಒಳಗೆ ಹೋಗಿ ಬಿಸಿನೀರು ತಂದಳು, ಚಿಟಿಕೆ ಅರಿಶಿನ,
ಅಂಚು ಜಜ್ಜಿದ ಸ್ಟೀಲ್ ಲೋಟದಲ್ಲಿ.

ಜೇಬಿನಲ್ಲಿ ಪೆಡ್ನೇಕರನ ಫೋನು ಗುಂಯ್‌ಗುಡುತ್ತಿತ್ತು.
ಮೂರು ಸಾವು ಬಾಕಿ ಇದ್ದವು ಅವತ್ತು.
ಜಜ್ಜಿದ ಕಡೆ ತಿರುಗಿಸಿ
ನಿಧಾನ ಕುಡಿದೆ.